ಬಲಗೈಯ ಗವಸು

ಮಾರ್ಚ್ 3, ಸೋಮವಾರ

ಶಿಲ್ಪಿಯಮ್ಮ ಬಂದಿಳಿದಿದ್ದಾಳೆ. ಎರಡು ಸೂಟ್‌ಕೇಸು, ಏಳು ರಟ್ಟಿನ ಪೆಟ್ಟಿಗೆ. ಒಡಹುಟ್ಟಿದ ತಂಗಿಯ ಮುಖವನ್ನು ಎಂಟು ವರ್ಷದ ಮೇಲೆ ನೋಡಿ ನಾನು ಆಡಿದ ಮೊದಲ ಮಾತು, "ಆ ಚಪ್ಪಲಿ ಹಾಕ್ಕೊಂಡು ಒಳಗೆ ಬರಬೇಡ, ಕಿಡಿ ಬಿದ್ರೆ ಕಾಲು ಸುಡುತ್ತೆ." "ಗೊತ್ತಕ್ಕ," ಎಂದಳು. ಗೊತ್ತಂತೆ. ಗೊತ್ತಿದ್ದವಳು ಇಷ್ಟು ದಿನ ಎಲ್ಲಿದ್ದಳೋ.

ಇದು ಅಪ್ಪ ಕಟ್ಟಿದ ಎರಕದ ಶೆಡ್ಡು. ಬಾಗಿಲ ಹಿಡಿ, ನಲ್ಲಿ, ಶಾಲೆಯ ಗಂಟೆ, ಮನೆ ನಂಬರಿನ ಫಲಕ, ಹೀಗೆ ಕೇಳಿದ್ದನ್ನು ಹಿತ್ತಾಳೆಯಲ್ಲೋ ಕಂಚಿನಲ್ಲೋ ಹೊಯ್ದು ಕೊಡುತ್ತೇವೆ. ಅಪ್ಪ ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಕಾಗದದಲ್ಲಿ ಮಾತ್ರ ಅರ್ಧ ಶೆಡ್ಡು ಅವಳದು. ಹಾಗಾಗಿ ಆರು ವಾರ ಅಲ್ಲಿ ಕೆಲಸ ಮಾಡಬೇಕು ಎಂದು ಪತ್ರ ಬರೆದಾಗ ಬೇಡ ಎನ್ನಲು ಆಗಲಿಲ್ಲ.

ಸಂಜೆ ಪೆಟ್ಟಿಗೆ ಬಿಚ್ಚಿದಳು. ಹಲ್ಲು ಉದುರಿದ ಮರದ ಬಾಚಣಿಗೆ, ಒಂಟಿ ಚಪ್ಪಲಿ, ತುದಿ ಸವೆದ ಮರದ ಸೌಟು, ತೇಪೆ ಮೇಲೆ ತೇಪೆ ಹಾಕಿದ ಬಟ್ಟೆ ಚೀಲ. ತಿಪ್ಪೆಗೆ ಹೋಗಬೇಕಾದ್ದೆಲ್ಲ ನನ್ನ ಮೇಜಿನ ಮೇಲೆ ಬಂದು ಕೂತಿತು. ಜನ ದಿನಾ ಬಳಸಿ ಸವೆಸಿದ ಸಾಮಾನುಗಳನ್ನು ಕಂಚಿಗೆ ಇಳಿಸಿ ದೊಡ್ಡ ಗ್ಯಾಲರಿಯಲ್ಲಿ ಪ್ರದರ್ಶನಕ್ಕೆ ಇಡುತ್ತಾಳಂತೆ.

"ಕಂಚಿನ ಸೌಟು ನೋಡೋಕೆ ಜನ ಬರ್ತಾರಾ?" ಎಂದೆ.

"ಬರ್ತಾರೆ."

"ಅದರಲ್ಲಿ ಬಡಿಸೋಕೆ ಯಾರನ್ನ ಕರೀತೀಯ?"

ನಕ್ಕಳು. ನಾನೇನು ನಗಲಿ ಎಂದು ಕೇಳಿದ್ದಲ್ಲ.

ಅಪ್ಪ ಸತ್ತಾಗ ಇವಳು ಬರಲಿಲ್ಲ. ಮರೆಯದಿರಲಿ ಎಂದು ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.

ಮಾರ್ಚ್ 4, ಮಂಗಳವಾರ

ಅವಳ ಕೆಲಸದ ರೀತಿ ಕೇಳಿ ಮೈ ಉರಿಯಿತು. ನಮ್ಮಲ್ಲಿ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು ಆ ಗುಳಿಗೆ ಲೋಹ ಹೊಯ್ಯುತ್ತೇವೆ. ಮಾದರಿ ಹಾಗೇ ಉಳಿಯುತ್ತದೆ. ಅಪ್ಪ ಕೆತ್ತಿದ ನಲ್ಲಿಯ ಮಾದರಿಯಿಂದ ಇವತ್ತಿಗೂ ನಲ್ಲಿ ಬರುತ್ತಿವೆ. ಇವಳು ಹಾಗಲ್ಲ. ಸಾಮಾನಿನ ಸುತ್ತಲೂ ಪ್ಲಾಸ್ಟರ್ ಹೊಯ್ದು, ಒಣಗಿಸಿ, ಇಡೀ ಗಡ್ಡೆಯನ್ನು ಬೆಂಕಿಗಿಡುತ್ತಾಳೆ. ಒಳಗಿನ ಸಾಮಾನು ಸುಟ್ಟು ಬೂದಿಯಾಗುತ್ತದೆ. ಬೂದಿ ಕೊಡವಿ ಆ ಖಾಲಿ ಜಾಗಕ್ಕೆ ಕಂಚು. ಒಂದೇ ಸಲ, ಒಂದೇ ಪ್ರತಿ. ಎರಕ ಕೆಟ್ಟರೆ ಕಂಚೂ ಇಲ್ಲ, ಸಾಮಾನೂ ಇಲ್ಲ.

"ಮಾದರಿನೇ ಸುಟ್ಟಾಕೋದು ಯಾವ ಸೀಮೆ ಕೆಲಸ?" ಎಂದು ಮೇಸ್ತ್ರಿಯ ಹತ್ತಿರ ಗೊಣಗಿದೆ. ಮೇಸ್ತ್ರಿ ಅಪ್ಪನ ಕಾಲದಿಂದ ಇಲ್ಲೇ ಕುಲುಮೆ ನೋಡಿಕೊಳ್ಳುವವನು. ಅವನ ಎಡಗಿವಿ ಕೇಳುವುದಿಲ್ಲ. ಬೇಡದ ಮಾತಿಗೆ ಎರಡೂ ಕೇಳುವುದಿಲ್ಲ.

ಮಧ್ಯಾಹ್ನ ಅವಳು ಕುಲುಮೆ ಪಕ್ಕದ ಮೊಳೆಯ ಮುಂದೆ ನಿಂತಿದ್ದಳು. ಅಲ್ಲಿ ತೂಗುತ್ತಿರುವುದು ಅಪ್ಪನ ಚರ್ಮದ ಕೈಗವಸು, ಮೊಣಕೈವರೆಗೆ ಬರುವಂಥದ್ದು. ಅಪ್ಪನ ಬಲಗೈ ಕಿರುಬೆರಳಿನ ತುದಿ ಗರಗಸಕ್ಕೆ ಹೋಗಿತ್ತು. ಗವಸಿನ ಆ ತುದಿಯನ್ನು ಮಡಚಿ ದಾರ ಸುತ್ತಿ ಹಾಕಿಕೊಳ್ಳುತ್ತಿದ್ದರು.

"ಅಕ್ಕ, ನನಗೆ ಇದು ಬೇಕು. ಪ್ರದರ್ಶನದ ನಡುಮಧ್ಯೆ ಇದೇ ಇರಬೇಕು."

"ಅದು ಅಪ್ಪನದು."

"ಈಗ ಯಾರು ಹಾಕ್ಕೋತಾರೆ?"

"ನಾನು. ಎಂಟು ವರ್ಷದಿಂದ."

"ಹಾಗಾದ್ರೆ..."

"ಅಪ್ಪನದು ಅಂದೆನಲ್ಲ. ಅಪ್ಪನನ್ನ ಸುಡೋಕೆ ಬರಲಿಲ್ಲ, ಈಗ ಗವಸು ಸುಡೋಕೆ ಬಂದ್ಯಾ?"

ಅವಳ ಮುಖ ಸಣ್ಣದಾಯಿತು. ಆಗಲಿ. ನನ್ನ ಊಟ ರುಚಿಸಿತು.

ಮಾರ್ಚ್ 7, ಶುಕ್ರವಾರ

ರಸ್ತೆಯಲ್ಲಿ ಅವಳದೇ ದರ್ಬಾರು. ಸೈಕಲ್ ರಿಪೇರಿಯವನ ಹತ್ತಿರ ಹರಟೆ, ಇಸ್ತ್ರಿಯವಳ ಹತ್ತಿರ ಹರಟೆ. ರಸ್ತೆ ಗುಡಿಸುವವಳಿಗೆ ಹೊಸ ಪೊರಕೆ ಕೊಟ್ಟು ಮೊಂಡು ಪೊರಕೆ ತಂದಳು. ಆ ಹೆಂಗಸು ಯಾವ ಪುಣ್ಯಾತ್ಗಿತ್ತಿ ಸಿಕ್ಕಳೋ ಎಂದು ತಿರುತಿರುಗಿ ನೋಡುತ್ತಾ ಹೋದಳು.

ಪ್ರತಿ ಸಾಮಾನಿಗೂ ಒಂದು ಚೀಟಿ. ಯಾರದ್ದು, ಯಾವ ಕೆಲಸಕ್ಕೆ, ಎಷ್ಟು ವರ್ಷ. ಪೊಲೀಸಿನವರೂ ಇಷ್ಟು ವಿಚಾರಿಸುವುದಿಲ್ಲ. ಪೊರಕೆಯನ್ನು ನನ್ನ ಮುಂದೆ ಹಿಡಿದು, "ಇದರಲ್ಲಿ ಏನ್ ಕಾಣುತ್ತೆ ಹೇಳು," ಎಂದಳು.

"ಕಸ."

"ಯಾವ ಕಡೆ ಸವೆದಿದೆ ನೋಡಕ್ಕ. ಅವಳು ಎಡಚಿ."

ಹೌದಾಗಿತ್ತು. ಹತ್ತು ವರ್ಷದಿಂದ ಆ ಹೆಂಗಸು ನಮ್ಮ ಬಾಗಿಲ ಮುಂದೆ ಗುಡಿಸುತ್ತಿದ್ದಾಳೆ, ನಾನು ಗಮನಿಸಿರಲಿಲ್ಲ. ಗಮನಿಸಿ ಆಗಬೇಕಾದ್ದೇನು? ನನಗೆ ಮಾಡಲು ಕೆಲಸವಿದೆ.

ಮಾರ್ಚ್ 12, ಬುಧವಾರ

ಇವತ್ತಿನದನ್ನು ಬೇರೆ ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅವಳ ಹತ್ತಿರ ಒಂದು ಬೆತ್ತದ ಬುಟ್ಟಿ ಇದೆ, ಯಾರೋ ಮುದುಕಿಯದು. ಆರು ತಿಂಗಳು ಬೆನ್ನು ಬಿದ್ದು ಪಡೆದದ್ದಂತೆ. ಇವತ್ತು ಅದಕ್ಕೆ ಅಚ್ಚು ಕಟ್ಟುತ್ತಿದ್ದಳು. ಲೋಹ ಒಳಗೆ ಇಳಿಯಬೇಕಾದರೆ ಅಲ್ಲಿರುವ ಗಾಳಿ ಹೊರಗೆ ಹೋಗಬೇಕು. ಅದಕ್ಕೆ ಕಡ್ಡಿ ಗಾತ್ರದ ದಾರಿಗಳನ್ನು ಬಿಡಬೇಕು. ಬುಟ್ಟಿಯ ಹಿಡಿಯ ಹತ್ತಿರ ಅವಳು ದಾರಿ ಬಿಡಲಿಲ್ಲ. ನಾನು ನೋಡಿದೆ. ಮೇಸ್ತ್ರಿ ಆ ಕಡೆ ಇದ್ದ, ನೋಡಲಿಲ್ಲ.

ನಾನು ಬಾಯಿ ಬಿಡಲಿಲ್ಲ. ನನ್ನನ್ನೇನು ಕೇಳಿದಳೇ?

ಮಾರ್ಚ್ 15, ಶನಿವಾರ

ಅಚ್ಚು ಒಡೆದಾಗ ಅರ್ಧ ಬುಟ್ಟಿ ಇತ್ತು. ಹಿಡಿ ಇಲ್ಲ, ಒಂದು ಪಕ್ಕವೇ ಇಲ್ಲ, ಬೆತ್ತದ ಎಳೆಗಳು ನಡುವೆಯೇ ನಿಂತುಹೋಗಿವೆ. ಮೇಸ್ತ್ರಿ ತಲೆ ಚಚ್ಚಿಕೊಂಡ. ಅವಳು ಅಳುತ್ತಾಳೆ, ಇಲ್ಲವೇ ನನ್ನ ಮೇಲೆ ಹರಿಹಾಯುತ್ತಾಳೆ ಎಂದು ನಾನು ಕೈಕಟ್ಟಿ ತಯಾರಾಗಿ ನಿಂತಿದ್ದೆ. ಜಗಳಕ್ಕೆ ಬೇಕಾದ ನಾಲ್ಕು ಮಾತು ನಾಲಗೆಯ ತುದಿಯಲ್ಲೇ ಇದ್ದವು.

ಅವಳು ಬುಟ್ಟಿಯ ಸುತ್ತ ಎರಡು ಸುತ್ತು ಬಂದಳು. "ಗಾಳಿ ದಾರಿ ಮರೆತೆ," ಎಂದಳು. ಎಳೆಗಳು ನಿಂತ ಅಂಚನ್ನು ಸವರಿ, "ಹೀಗೇ ಇಡ್ತೀನಿ. ಆ ಅಜ್ಜಿಗೂ ಕೊನೆಗೆ ಅರ್ಧಂಬರ್ಧ ನೆನಪಿತ್ತು," ಎಂದಳು.

ಇವಳಿಗೆ ಕೆಡುಕು ಮಾಡುವುದೂ ಸುಲಭವಲ್ಲ. ಹೋಗುವಾಗ ನನ್ನ ಕಡೆ ತಿರುಗಿ, "ನೀನು ನೋಡಿದ್ರೆ ಹೇಳ್ತಿದ್ದೆ ಅಲ್ವಾ ಅಕ್ಕ?" ಎಂದಳು. ಕೇಳಿದ್ದೋ ಚುಚ್ಚಿದ್ದೋ ತಿಳಿಯಲಿಲ್ಲ. ಕುಲುಮೆಯ ಸದ್ದಿಗೆ ಕೇಳಿಸಲಿಲ್ಲ ಎನ್ನುವಂತೆ ಇದ್ದೆ.

ಅಪ್ಪ ಹೋದ ದಿನ ಫೋನ್ ಲೈನ್ ಸರಿ ಇರಲಿಲ್ಲ. ಅದನ್ನೂ ಬರೆದಿಡಬೇಕು.

ಮಾರ್ಚ್ 18, ಮಂಗಳವಾರ

ಮತ್ತೆ ಗವಸಿನ ಮೇಲೆ ಕಣ್ಣು. ಊಟದ ಹೊತ್ತಿನಲ್ಲಿ ಅದರೊಳಗೆ ಬೆಳಕು ಬಿಟ್ಟು ಬಗ್ಗಿ ನೋಡುತ್ತಿದ್ದಳು.

"ಹೊರಗಡೆಗಿಂತ ಒಳಗಡೆ ಮುಖ್ಯ ಅಕ್ಕ. ಇಷ್ಟು ವರ್ಷ ಹಾಕಿದ ಗವಸಿನ ಒಳಗೆ ಕೈ ಅಚ್ಚಾಗಿರುತ್ತೆ. ಗೆಣ್ಣು ಸಮೇತ. ನೀನು ಅದರೊಳಗೆ ಏನಾದ್ರೂ ಹೊಯ್ದು ನೋಡಿದ್ರೆ ಕೈನೇ ಬರುತ್ತೆ."

"ಅಲ್ಲಿಡು ಅದನ್ನ."

ಇಟ್ಟಳು. ಅಪ್ಪನ ಕೈ ಇಷ್ಟು ವರ್ಷ ಆ ಮೊಳೆಯ ಮೇಲೆ ತೂಗುತ್ತಿತ್ತು, ನನಗೆ ಹೊಳೆಯಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಹೊಳೆಯಿತು. ಸಂಜೆ ಗವಸನ್ನು ಗಂಟೆಯ ಮಾದರಿಗಳ ಕೆಳಗೆ, ಬೀರುವಿನಲ್ಲಿ ಬೀಗ ಹಾಕಿ ಇಟ್ಟೆ.

ಮಾರ್ಚ್ 20, ಗುರುವಾರ

ಗೋಣಿ ಬಟ್ಟೆ ಸುತ್ತಿಕೊಂಡು ಕರಗಿದ ಲೋಹದ ಮೂಸೆ ಎತ್ತಿದೆ. ಅಂಗೈ ಬೊಬ್ಬೆ ಬಂದಿದೆ. ಗವಸು ಎಲ್ಲಿ ಎಂದು ಮೇಸ್ತ್ರಿ ಕೇಳಿದ, ಒಗೆಯಲು ಹಾಕಿದ್ದೇನೆ ಎಂದೆ. ಚರ್ಮದ ಗವಸು ಯಾರು ಒಗೆಯುತ್ತಾರೆ? ಅವನು ಕೇಳದವನ ಹಾಗೆ ಹೋದ.

ಲೈನ್ ಸರಿ ಇರಲಿಲ್ಲ. ಇದ್ದಿದ್ದರೂ ಆಗ ಶಾಲೆಗಳ ಗಂಟೆ ಕೆಲಸ ತಲೆ ಮೇಲಿತ್ತು.

ಮಾರ್ಚ್ 23, ಭಾನುವಾರ

ಶೆಡ್ಡಿಗೆ ರಜೆ. ಶಿಲ್ಪಿಯಮ್ಮ ಸಂತೆಗೆ ಹೋಗಿದ್ದಳು, ಯಾರದೋ ಹರಿದ ಚೀಲಕ್ಕೆ ಜೊಲ್ಲು ಸುರಿಸಲು. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ.

ಅಪ್ಪನ ಕೈ ಒಳಗಿದ್ದರೆ ಅದು ನನಗೆ ಸೇರಬೇಕು. ಕೊನೆಯ ಎರಡು ವರ್ಷ ಅವರಿಗೆ ಅಂಗಿ ತೊಡಿಸಿದವಳು ನಾನು. ಅವಳು ತೆಗೆದು ಊರಿಗೆಲ್ಲ ತೋರಿಸುವ ಮೊದಲು ನಾನೇ ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳಬೇಕು ಎನಿಸಿತು. ಮೇಣ ಕರಗಿಸಿದೆ. ಬಲಗೈ ಗವಸನ್ನು ಬಕೆಟ್ ಮರಳಿನಲ್ಲಿ ನಿಲ್ಲಿಸಿ ಮಣಿಕಟ್ಟಿನವರೆಗೆ ತುಂಬಿದೆ. ಗಟ್ಟಿಯಾಗಲು ಮೂರು ಗಂಟೆ. ಎದುರಿಗೇ ಕೂತಿದ್ದೆ, ನೀರು ಕುಡಿಯಲೂ ಏಳಲಿಲ್ಲ. ಆಮೇಲೆ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ. ಅದು ನಾನೇ ಹಾಕಿದ ಹೊಲಿಗೆ, ಮತ್ತೆ ಹಾಕಬಹುದು.

ಚರ್ಮ ಬಿಡಿಸಿ ಮೊದಲು ನೋಡಿದ್ದು ಕಿರುಬೆರಳು. ಪೂರ್ತಿ ಇತ್ತು. ತುದಿಯವರೆಗೆ.

ತಪ್ಪು ನೋಡಿದೆನೇನೋ ಎಂದು ಬೆಳಕಿಗೆ ಹಿಡಿದೆ. ಮಣಿಕಟ್ಟು ಸಣ್ಣದು. ತೋರುಬೆರಳು ಮಡಚದೆ ಹೆಬ್ಬೆರಳಿನ ಕಡೆಗೆ ವಾಲಿದೆ. ಅಚ್ಚಿನ ಪೆಟ್ಟಿಗೆ ಬಿದ್ದು ಮೂಳೆ ಮುರಿದದ್ದು ನನ್ನ ತೋರುಬೆರಳು. ಪಕ್ಕದಲ್ಲಿ ನನ್ನ ಕೈ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಇಟ್ಟೆ.

ಅಪ್ಪ ಸುತ್ತಿದ್ದ ಆ ದಾರ ಬಿಚ್ಚಿದವರು ಯಾರು? ಯಾವಾಗ? ನಾನೇ ಇರಬೇಕು. ಬೆರಳು ಹಿಡಿಯಲಿಲ್ಲವೆಂದು ಯಾವುದೋ ಬೆಳಿಗ್ಗೆ, ಅವಸರದಲ್ಲಿ. ನೆನಪೂ ಇಲ್ಲ.

ನೆಲದ ಮೇಲೆ ಕೂತು ಅತ್ತೆ. ಅಪ್ಪ ಸತ್ತ ದಿನ ಇಷ್ಟು ಅತ್ತಿರಲಿಲ್ಲ.

ಮಾರ್ಚ್ 24, ಸೋಮವಾರ

ಹೊಲಿಗೆ ಹಾಕಿ ಗವಸನ್ನು ಮೊಳೆಗೆ ತೂಗಿಬಿಟ್ಟೆ, ಏನೂ ಆಗದ ಹಾಗೆ. ಮೂಸೆ ಎತ್ತಲು ಕೈ ಹಾಕಬೇಕು, ಮೇಸ್ತ್ರಿ ಗಬಕ್ಕನೆ ಹಿಡಿದುಕೊಂಡ. ಮೂಸಿ ನೋಡಿದ.

"ಏನ್ ಮಾಡಿದ್ದೀರ ದೊಡ್ಡವ್ರೆ? ಇದು ಮೇಣ ಕುಡಿದಿದೆ. ಇದನ್ನ ಹಾಕ್ಕೊಂಡು ಬೆಂಕಿ ಹತ್ರ ಹೋದ್ರೆ ಕೈ ಪಂಜಾಗುತ್ತೆ."

ಈ ಕಸುಬಿಗೆ ಕಾಲಿಟ್ಟ ಮೊದಲ ವಾರ ಕಲಿಯುವ ಪಾಠ ಅದು. ಮೇಣದ ಕೆಲಸಕ್ಕೆ ಒಂದು ಗವಸು, ಬೆಂಕಿಯ ಕೆಲಸಕ್ಕೆ ಒಂದು. ಮೂವತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟವಳು ಬೆಪ್ಪಾಗಿ ನಿಂತಿದ್ದೆ. ಚರ್ಮದೊಳಗೆ ಇಳಿದ ಮೇಣವನ್ನು ಯಾರೂ ಹೊರಗೆ ತೆಗೆಯಲಾರರು. ಅವಳಿಂದ ಉಳಿಸುತ್ತೇನೆ ಎಂದು ಹೊರಟು ನಾನೇ ಕೊಂದೆ.

ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ತನ್ನ ಮೇಜಿಗೆ ಹೋಗಿ ಚೀಟಿ ಬರೆಯುತ್ತಾ ಕೂತಳು. ಅದೇ ನನಗೆ ತಡೆಯಲಾಗಲಿಲ್ಲ.

ಮಾರ್ಚ್ 25, ಮಂಗಳವಾರ

ಇಂದು ಜಗಳವಾಯಿತು. ಶುರು ಮಾಡಿದ್ದು ನಾನು.

"ಸಮಾಧಾನ ಆಯ್ತಾ ಈಗ? ತಗೊಂಡು ಸುಟ್ಟುಕೋ," ಎಂದು ಗವಸನ್ನು ಅವಳ ಮೇಜಿನ ಮೇಲೆ ಎಸೆದೆ. ಅದರ ಹಿಂದೆಯೇ ಮೇಣದ ಕೈಯನ್ನೂ ಇಟ್ಟೆ. ಎಸೆಯಲು ಮನಸ್ಸು ಬರಲಿಲ್ಲ. "ಅಪ್ಪ ಇದರಲ್ಲಿ ಇಲ್ಲ. ನೋಡ್ಕೋ."

ಅವಳು ಕೈಯನ್ನು ತಿರುಗಿಸಿ ನೋಡಿದಳು. "ಇರಲ್ಲ ಅಂತ ನನಗೆ ಗೊತ್ತಿತ್ತು. ಅಂಗೈಗೆ ಹೊಸ ಚರ್ಮ ಹಾಕಿದ್ದು ನೀನು. ಹೊಲಿಗೆ ನಿಂದು. ಮೊದಲ ದಿನವೇ ಬೆರಳು ನೋಡಿದೆ. ನಾನು ಕೇಳಿದ್ದು ಅಪ್ಪನ ಗವಸಲ್ಲ ಅಕ್ಕ."

"ಮತ್ತೆ ಯಾರದ್ದು?"

"ಹೇಳೋಕೆ ನೀನು ಬಿಡಲಿಲ್ಲ."

"ನನ್ನ ಹೆಸರಲ್ಲಿ ಕನಿಕರ ಮಾರಬೇಡ. ಅಪ್ಪ ಹೋದಾಗ ಬರದವಳು ನೀನು."

ಆಗ ಅವಳ ದನಿ ಬದಲಾಯಿತು. ಏರಲಿಲ್ಲ, ಇಳಿಯಿತು. "ಅಪ್ಪ ಹೋಗಿದ್ದು ಸೋಮವಾರ. ನೀನು ಫೋನ್ ಮಾಡಿದ್ದು ಬುಧವಾರ, ಎಲ್ಲ ಮುಗಿದ ಮೇಲೆ. ಶೆಡ್ಡಿನ ಕಾಗದದ ಜೊತೆ ಮರಣಪತ್ರ ಕಳಿಸಿದ್ಯಲ್ಲ, ಅದರಲ್ಲಿ ದಿನಾಂಕ ಇತ್ತು. ಎಂಟು ವರ್ಷ ನಾನು ನಿನ್ನನ್ನ ಕೇಳಲಿಲ್ಲ. ಕೇಳಿದ್ರೆ ನೀನು ಸುಳ್ಳು ಹೇಳ್ತೀಯ, ಆಮೇಲೆ ನನಗೆ ಅಕ್ಕನೂ ಇರಲ್ಲ ಅಂತ ಭಯ ಇತ್ತು."

ಲೈನ್ ಸರಿ ಇರಲಿಲ್ಲ ಎನ್ನಲು ಬಾಯಿ ತೆರೆದೆ. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಆ ಎರಡು ದಿನ ಅವನೂ ಇಲ್ಲೇ ಇದ್ದ.

"ನಾನೇ ಮಾಡಲಿಲ್ಲ," ಎಂದೆ. "ಕೊನೇ ದಿನಗಳಲ್ಲಿ ಅಪ್ಪ ನಿನ್ನನ್ನೇ ಕೇಳ್ತಿದ್ರು. ಅನ್ನ ಕಲಸಿ ಕೊಡೋಳು ನಾನು, ಕೇಳೋದು ನಿನ್ನನ್ನ. ಆ ಸಿಟ್ಟಿಗೆ ಮಾಡಲಿಲ್ಲ."

ಅವಳು ಹೊರಗೆ ಹೋದಳು. ನಾನು ತಡೆಯಲಿಲ್ಲ. ಕ್ಷಮೆ ಕೇಳಲೂ ಇಲ್ಲ, ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಮೊದಲಿನಿಂದ ಇಲ್ಲ.

ಮಾರ್ಚ್ 28, ಶುಕ್ರವಾರ

ಮಾತಿಲ್ಲ. ಅವಳು ಒಂದು ಮೂಲೆ, ನಾನು ಒಂದು ಮೂಲೆ. ಚಹಾ ಮೂರು ಲೋಟ ಮಾಡುತ್ತಿದ್ದೇನೆ, ತಣ್ಣಗಾದ ಮೇಲೆ ಕುಡಿಯುತ್ತಾಳೆ.

ಸೈಕಲ್ ರಿಪೇರಿಯವನ ಮಣೆ ಒಂದು ಬದಿಗೆ ಮಾತ್ರ ಸವೆದಿದೆ. ಎಡ ಮಂಡಿ ನೋವಿರಬೇಕು, ಭಾರವೆಲ್ಲ ಬಲಕ್ಕೆ ಹಾಕುತ್ತಾನೆ. ಅವಳಿಗೆ ಹೇಳಿದರೆ ಆ ಮಣೆಯನ್ನೂ ಹೊತ್ತು ತರುತ್ತಾಳೆ. ಹೇಳಲಿಲ್ಲ.

ಏಪ್ರಿಲ್ 1, ಮಂಗಳವಾರ

ಹೇಳಿದೆ. ಬೆಳಿಗ್ಗೆ ಅವಳು ಗವಸಿಗೆ ಅಚ್ಚು ಕಟ್ಟಲು ಕೂತಿದ್ದಳು, ಸುಮ್ಮನಿರಲಾಗದೆ ಮಣೆಯ ವಿಷಯ ತೆಗೆದೆ. "ಬಲ ಮಂಡಿ ಅಲ್ವಾ?" ಎಂದಳು. "ಎಡ. ನೀನು ಇನ್ನೂ ಕಲಿಯೋದು ಬಹಳ ಇದೆ," ಎಂದೆ.

ಗವಸಿನ ಒಳಗೆ ಪ್ಲಾಸ್ಟರ್ ತುಂಬಿಯಾಗಿತ್ತು. ಗಾಳಿ ದಾರಿಗೆ ಮೇಣದ ಕಡ್ಡಿ ಅಂಟಿಸುತ್ತಿದ್ದಳು. ಇಡೀ ಕೈಗೆ ಎರಡೇ ದಾರಿ. ನಾನು ನೋಡಿದೆ. ಬುಟ್ಟಿಯ ದಿನ ನಿಂತಿದ್ದ ಜಾಗದಲ್ಲೇ ನಿಂತಿದ್ದೆ.

"ಸರಿ ಆಚೆ," ಎಂದೆ. ಐದು ಬೆರಳಿಗೆ ಐದು ದಾರಿ, ಮಣಿಕಟ್ಟಿಗೆ ಎರಡು. ತೋರುಬೆರಳು ವಾಲಿರುವುದರಿಂದ ಅದಕ್ಕೆ ಮಗ್ಗುಲಿನಿಂದ ಇನ್ನೊಂದು. ಎರಡು ತಾಸು ಹಿಡಿಯಿತು. ಬುಟ್ಟಿಯ ವಿಷಯವನ್ನೂ ಆಗಲೇ ಹೇಳಿದೆ, ಅವಳ ಮುಖ ನೋಡದೆ, ಕಡ್ಡಿ ಅಂಟಿಸುತ್ತಾ.

"ಗೊತ್ತಿತ್ತು," ಎಂದಳು. "ನೀನು ನಮ್ಮಪ್ಪನ ಮಗಳು. ಗಾಳಿ ದಾರಿ ಇಲ್ಲದ ಅಚ್ಚು ನಿನ್ನ ಕಣ್ಣು ತಪ್ಪಿಸುತ್ತಾ?"

ಎಲ್ಲ ಗೊತ್ತು ಇವಳಿಗೆ. ಗೊತ್ತಿದ್ದುಕೊಂಡು ಸುಮ್ಮನಿರುವವರ ಜೊತೆ ಬಾಳುವುದು ಬಲು ಕಷ್ಟ.

ಏಪ್ರಿಲ್ 4, ಶುಕ್ರವಾರ

ಅಚ್ಚನ್ನು ಬೆಂಕಿಗಿಟ್ಟು ಎರಡು ದಿನವಾಗಿತ್ತು. ಚರ್ಮ ಸುಟ್ಟ ವಾಸನೆ ಇಡೀ ರಸ್ತೆಗೆ ಹಬ್ಬಿ ಇಸ್ತ್ರಿಯವಳು ಬಂದು ಬೈದು ಹೋದಳು. ಬೂದಿ ಕೊಡವಿದಾಗ ಒಂದು ಹಿಡಿಯೂ ಆಗಲಿಲ್ಲ.

ಹೊಯ್ಯಲು ಹೊಸ ಗವಸು ತಂದಿದ್ದಳು. ಹಳದಿ ಬಣ್ಣ, ಕಣ್ಣಿಗೆ ಹಿಡಿಸದು. ಹಾಕಿಕೊಂಡೆ. ಅವಳು ಮೂಸೆಯ ಒಂದು ಬದಿ ಹಿಡಿದಳು, ನಾನು ಒಂದು ಬದಿ. ಅಪ್ಪ ಇದ್ದಾಗ ನಾವಿಬ್ಬರೂ ಹೀಗೆ ಹಿಡಿದದ್ದುಂಟು, ಅವಳು ಹೊರಟುಹೋಗುವ ಮೊದಲು. "ನಿಧಾನ," ಎಂದು ನಾನು ಬೈದೆ. "ನೀನು ನಿಧಾನ," ಎಂದು ಅವಳು ಬೈದಳು. ಎಂಟು ಗಾಳಿ ದಾರಿಗಳಲ್ಲೂ ಕಂಚು ಒಂದರ ಹಿಂದೊಂದು ಮೇಲೆ ಬಂದು ಇಣುಕಿತು. ಮೇಸ್ತ್ರಿ ಎಣಿಸಿ, "ತುಂಬ್ತು," ಎಂದ.

ಏಪ್ರಿಲ್ 12, ಶನಿವಾರ

ಶಿಲ್ಪಗಳನ್ನು ಹೊತ್ತ ಗಾಡಿ ಬೆಳಿಗ್ಗೆ ಹೊರಟಿತು, ಅವಳೂ ಅದರಲ್ಲೇ ಹೋದಳು. ಕಂಚಿನ ಗವಸಿನಲ್ಲಿ ನನ್ನ ಹೊಲಿಗೆಯ ಒಂದೊಂದು ಎಳೆಯೂ ಬಂದಿದೆ, ವಕ್ರವಾದದ್ದು ವಕ್ರವಾಗಿಯೇ. ಹೊರಡುವ ಮೊದಲು ಖಾಲಿ ಚೀಟಿ ಮುಂದೆ ಹಿಡಿದಳು. "ಇದನ್ನ ನೀನೇ ಬರಿ."

ಯಾರದ್ದು ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದಿದ್ದೆ. ಗಾಡಿಯವನು ಹಾರ್ನ್ ಹೊಡೆದ. 'ಮೊದಲು ಅಪ್ಪನದು, ಆಮೇಲೆ ನನ್ನದು,' ಎಂದು ಬರೆದೆ. ಓದಿ ಮಡಚಿ ಇಟ್ಟುಕೊಂಡಳು. ಮೇಣದ ಕೈಯನ್ನು ನನಗೇ ಬಿಟ್ಟಿದ್ದಾಳೆ. ಬಿಸಿಲು ಬೀಳದ ಕಡೆ ಇಡಬೇಕು.

ಹಳದಿ ಗವಸು ಬಿಗಿ. ಮೊಳೆಗೆ ತೂಗಿಹಾಕಿದರೂ ಬಗ್ಗದೆ ಸೆಟೆದುಕೊಂಡು ನಿಲ್ಲುತ್ತದೆ.

ಮಧ್ಯಾಹ್ನ ಫೋನ್ ಮಾಡಿದೆ. ಬೇರೇನಿಲ್ಲ, ಗವಸಿನ ಪೆಟ್ಟಿಗೆಗೆ ಹುಲ್ಲು ಸಾಲದು ಎಂದು ನಾನು ಹೇಳಿದ್ದರೂ ಅವಳು ಕೇಳಿರಲಿಲ್ಲ, ದಾರಿಯಲ್ಲಿ ಬೆರಳು ಮುರಿದರೆ ಮತ್ತೆ ನನ್ನ ತಲೆ ತಿನ್ನಲು ಬರುತ್ತಾಳೆ. ಮೊದಲ ರಿಂಗಿಗೇ ಎತ್ತಿದಳು. ಹತ್ತು ನಿಮಿಷ ಬೈದೆ. ಅವಳೂ ಬೈದಳು. ಒಂದೊಂದು ಮಾತೂ ಪಕ್ಕದಲ್ಲಿ ಕೂತು ಆಡಿದ ಹಾಗೆ ಕೇಳಿಸುತ್ತಿತ್ತು. ಲೈನ್ ಸರಿಯಾಗಿಯೇ ಇತ್ತು.